ಎತ್ತಿನ ಕೋಡು ಮತ್ತು ನನ್ನ ಬಲಗೈ

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಗಣಪತಿಗಳಿಗೆ ಬರವಿಲ್ಲ. ಕೂತ ಗಣಪತಿ, ನಿಂತ ಗಣಪತಿ, ಎಲೆಯ ಮೇಲೆ ಮಲಗಿದ ಗಣಪತಿ. ಲಕ್ಷ್ಮಿಯರು ಬೇರೆ, ನವಿಲುಗಳು ಬೇರೆ. ಮನೆ ಕಟ್ಟಿಸುವವರು ಬಂದು ಪರದೆಯ ಮೇಲೆ ಬೆರಳಿಟ್ಟು ‘ಇದು’ ಅಂದರೆ ಸಾಕು, ಫೈಲು ಮಷೀನಿಗೆ ಹೋಗುತ್ತದೆ, ಮಷೀನು ಅದನ್ನು ಬಾಗಿಲ ಮೇಲೆ ಕೆತ್ತುತ್ತದೆ. ಗೋಕಾಕದಿಂದ ಕೊಣ್ಣೂರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮದು ಕಟ್ಟಿಗೆ ಕೆತ್ತನೆಯ ಅಂಗಡಿ. ಅಲ್ಲಿ ನನ್ನ ಕೆಲಸ ಆ ಫೈಲುಗಳನ್ನು ಬಾಗಿಲ ಅಳತೆಗೆ ಹಿಗ್ಗಿಸುವುದು, ಕುಗ್ಗಿಸುವುದು, ಅಂಚಿಗೊಂದು ಬಳ್ಳಿ ಸೇರಿಸುವುದು. ಅದಕ್ಕೆ ಮೌಸು ಧಾರಾಳ ಸಾಕಾಗುತ್ತಿತ್ತು. ಎಲ್ಲರೂ ನನ್ನನ್ನು ‘ಡಿಸೈನ್ ಮಾಸ್ತರ’ ಎನ್ನುತ್ತಾರೆ. ಮಾಸ್ತರ ಸ್ವಂತ ಬುದ್ಧಿಯಿಂದ ಬರೆದದ್ದು ಅಷ್ಟಕ್ಕಷ್ಟೇ ಎಂಬುದು ನನಗೂ ಗೊತ್ತಿತ್ತು, ಅಂಗಡಿಯ ಸಾವ್ಕಾರರಿಗೂ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಲ್ಲದ ಬಾಗೇವಾಡಿಯಿಂದ ಒಬ್ಬರು ಅಕ್ಕ ಬಂದರು. ವಯಸ್ಸು ಐವತ್ತು ದಾಟಿತ್ತು. ಗಂಡ ಸಕ್ಕರೆ ಕಾರ್ಖಾನೆಯ ನೌಕರಿಯಲ್ಲಿದ್ದಾಗ ಹೊಲದ ಭಾರವನ್ನೆಲ್ಲ ಹೊತ್ತವರು, ಮಾತು ನೇರ. ಹೊಸ ಮನೆಯ ಗುರುಪ್ರವೇಶಕ್ಕೆ ದಿನ ಗೊತ್ತಾಗಿತ್ತು, ತಲೆಬಾಗಿಲು ಮಾತ್ರ ಬಾಕಿ ಇತ್ತು. ನಾನು ಪರದೆಯ ಮೇಲೆ ಲಕ್ಷ್ಮಿಯರನ್ನು ಒಬ್ಬೊಬ್ಬರಾಗಿ ಸರಿಸುತ್ತ ಹೋದೆ. ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನೋಡಿದರು.

“ಇವೆಲ್ಲಾ ಚಂದ ಅದಾವ ತಮ್ಮಾ. ಆದ್ರ ನಮ್ಮ ಓಣ್ಯಾಗ ಎಲ್ಲಾರ ಬಾಗಲಕ್ಕೂ ಇವ ಅದಾವ. ನನಗ ನನ್ನ ಎತ್ತ ಬೇಕು.”

ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಕಾರಹುಣ್ಣಿಮೆಯ ದಿನ ತೆಗೆದದ್ದು. ಕೋಡಿಗೆ ಬಣ್ಣ ಬಳಿದ ಎರಡು ಕಿಲಾರಿ ಎತ್ತುಗಳು ಪಕ್ಕಪಕ್ಕದಲ್ಲಿ ನಿಂತಿದ್ದವು.

“ಈಗ ಟ್ರ್ಯಾಕ್ಟರ್ ಐತಿ, ಎತ್ತ ಇಲ್ಲ. ಆದ್ರ ಈ ಮನಿ ಎದ್ದಿದ್ದು ಟ್ರ್ಯಾಕ್ಟರ್‌ನಿಂದ ಅಲ್ಲ,” ಎಂದರು.

ನಾನು ‘ನೋಡ್ತೀನ್ರಿ’ ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಸಾವ್ಕಾರರ ದನಿ ಬಂತು. “ಆಗ್ತೈತಿ ಬಿಡ್ರಿ ಅಕ್ಕಾರ. ನಮ್ಮ ಮಾಸ್ತರ ಮಾಡ್ತಾರ.” ಮಾಸ್ತರ ಮಾಡುತ್ತಾರೆಂಬ ಸುದ್ದಿ ಮಾಸ್ತರನಿಗೆ ಮುಟ್ಟಿದ್ದು ಹೀಗೆ.

ಸಿದ್ಧ ಫೈಲುಗಳಲ್ಲಿ ಎತ್ತುಗಳಿದ್ದವು. ಆದರೆ ಅವು ಯಾವ ಸೀಮೆಯವೋ ದೇವರೇ ಬಲ್ಲ. ಹೆಗಲ ಮೇಲೆ ಡುಬ್ಬದಂತೆ ಏಳುವ ಇಣಿಯೇ ಇಲ್ಲ, ಕೋಡು ಮುಂದಕ್ಕೆ ಬಾಗಿ ಗುದ್ದಲು ನಿಂತಂತಿವೆ. ನಮ್ಮ ಕಿಲಾರಿ ಎತ್ತಿನ ಕೋಡು ಹಣೆಯಿಂದ ಹಿಂದಕ್ಕೆ ಸರಿದು, ನಿಧಾನವಾಗಿ ಮೇಲೆದ್ದು, ತುದಿಯಲ್ಲಿ ಚೂಪಾಗುತ್ತದೆ. ಆ ಬಾಗು ಒಂದೇ ಉಸಿರಿನಲ್ಲಿ ಬಂದರೆ ಎತ್ತು, ಇಲ್ಲದಿದ್ದರೆ ಆಡು.

ಮೌಸಿನಲ್ಲಿ ಪ್ರಯತ್ನಿಸಿದೆ. ಇಂಥ ಉಬ್ಬು ಕೆತ್ತನೆಗೆ ನಾವು ಕಂಪ್ಯೂಟರಿನಲ್ಲಿ ಬರೆಯುವುದು ಕಪ್ಪು-ಬಿಳುಪಿನ ಚಿತ್ರ. ಅದರಲ್ಲಿ ಬಿಳುಪು ಎಂದರೆ ಎತ್ತರ, ಕಪ್ಪು ಎಂದರೆ ಆಳ, ನಡುವಿನ ಬೂದು ಛಾಯೆಗಳೆಲ್ಲ ನಡುವಿನ ಎತ್ತರಗಳು. ಮಷೀನು ಆ ಛಾಯೆಯನ್ನು ಓದಿಕೊಂಡು ಎಲ್ಲಿ ಎಷ್ಟು ಇಳಿಯಬೇಕೆಂದು ತಿಳಿಯುತ್ತದೆ. ಮೌಸಿಗೆ ಎಷ್ಟು ಒತ್ತಿದರೂ ಒಂದೇ, ಅದರ ಗುಂಡಿಗೆ ಹೌದು-ಅಲ್ಲ ಬಿಟ್ಟರೆ ಮೂರನೆಯದು ಗೊತ್ತಿಲ್ಲ. ನನ್ನ ಎತ್ತಿನ ಇಣಿ ತಾಟಿನ ಮೇಲೆ ಕವುಚಿಟ್ಟ ವಾಟಿಯಂತೆ ಬಂತು. ಸಾವ್ಕಾರರು ನೋಡಿ ನಕ್ಕರು. ಮರುದಿನ ತಮ್ಮ ಸಂಬಂಧಿಕರ ಫೋಟೊ ಸ್ಟುಡಿಯೊದಲ್ಲಿ ಧೂಳು ತಿನ್ನುತ್ತಿದ್ದ ಒಂದು ಪೆನ್ ಟ್ಯಾಬ್ಲೆಟ್ ತಂದು ನನ್ನ ಮೇಜಿನ ಮೇಲಿಟ್ಟರು.

ನೋಡಲು ಸಾಲೆಯ ಪಾಟಿಯ ಹಾಗೆ ಕಪ್ಪು ಹಲಗೆ. ಜೊತೆಗೊಂದು ಪೆನ್ನು, ಅದರಲ್ಲಿ ಮಸಿಯಿಲ್ಲ. ಹಲಗೆಯ ಮೇಲೆ ಬರೆದದ್ದು ಹಲಗೆಯ ಮೇಲೆ ಕಾಣುವುದಿಲ್ಲ, ಎದುರಿನ ಪರದೆಯ ಮೇಲೆ ಮೂಡುತ್ತದೆ. ಮೆಲ್ಲಗೆ ಮುಟ್ಟಿದರೆ ಗಾಢ ಬೂದು, ಒತ್ತಿದರೆ ಬೆಳ್ಳಗೆ. ಅಂದರೆ ಒತ್ತಿದಷ್ಟು ಎತ್ತರ. ಇಣಿ ಬರೆಯಲು ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ.

ಮೊದಲ ದಿನಗಳಲ್ಲಿ ಅದು ನನ್ನನ್ನು ಮಂಗ ಮಾಡಿತು. ಮೌಸನ್ನು ಎತ್ತಿ ಬೇರೆಡೆ ಇಟ್ಟರೂ ಬಾಣದ ಗುರುತು ಇದ್ದಲ್ಲೇ ಇರುತ್ತದೆ. ಪೆನ್ನು ಹಾಗಲ್ಲ, ಹಲಗೆಯ ಮೂಲೆಗೆ ಹೋದರೆ ಪರದೆಯ ಮೂಲೆಗೇ ಹೋಗುತ್ತದೆ. ಕಣ್ಣು ಕೈಯನ್ನು ನೋಡಬಾರದು, ಪರದೆಯನ್ನು ನೋಡಬೇಕು. ಎತ್ತಿನ ಕಣ್ಣಿಗೆ ಗುರಿಯಿಟ್ಟರೆ ಚುಕ್ಕೆ ಮೂಗಿನ ಮೇಲೆ ಬೀಳುತ್ತಿತ್ತು. ಹಲಗೆಯ ನುಣುಪಿನ ಮೇಲೆ ತುದಿ ಜಾರುತ್ತಿತ್ತು. ಅದರ ಮೇಲೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿದ ಮೇಲೆ ಸ್ವಲ್ಪ ಹಿಡಿತ ಸಿಕ್ಕಿತು. ಕೈ ಮರೆತು ಆಗಾಗ ಮೌಸಿನ ಕಡೆ ಓಡುತ್ತಿತ್ತು, ಅದಕ್ಕೆ ಮೌಸನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದೆ. ಕೊನೆಗೂ ಒಂದು ಎತ್ತು ಎದ್ದು ನಿಂತಿತು. ಇಣಿ ಇಣಿಯ ಹಾಗೇ ಇತ್ತು. ಅವತ್ತು ನನಗೆ ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸಾಗವಾನಿಗೆ ಹೋಗುವ ಮುಂಚೆ ಕಟ್ಟಿಗೆ ಪುಡಿಯಿಂದ ಮಾಡಿದ ಅಗ್ಗದ ಎಂಡಿಎಫ್ ಹಲಗೆಯ ಮೇಲೆ ಒಮ್ಮೆ ಕೆತ್ತಿ ನೋಡುವುದು ನಮ್ಮ ಪದ್ಧತಿ. ಮಷೀನು ನಡೆಸುವವನು ಕಲ್ಲೋಳಿಯವನು. ಇಬ್ಬರು ಮಕ್ಕಳ ತಂದೆ, ದಿನಾಲು ಬಸ್ಸಿನಲ್ಲಿ ಬಂದು ಹೋಗುತ್ತಾನೆ, ಮಷೀನಿನ ಸದ್ದು ಕೇಳಿಯೇ ಅದರ ಮನಸ್ಸು ಹೇಳಬಲ್ಲ. ಮಷೀನಿನ ಉಳಿಗೆ ಬಿಟ್ಟು ಎನ್ನುತ್ತೇವೆ; ದಪ್ಪ ಬಿಟ್ಟಿನಿಂದ ಒರಟು ಕೆತ್ತನೆ ಮುಗಿಸಿದ, ಗುಂಡು ತುದಿಯ ಸಣ್ಣ ಬಿಟ್ಟು ಹಾಕಿ ನಯದ ಕೆತ್ತನೆ ಮುಗಿಸಿದ, ಬ್ರಷ್ಷಿನಿಂದ ಪುಡಿ ಹೊಡೆದ. ಆಮೇಲೆ ಅಂಗೈಯಿಂದ ಎತ್ತಿನ ಮೈಯನ್ನು ಎರಡು ಸಲ ಸವರಿದ.

“ಅಣ್ಣಾರ, ಸ್ವಲ್ಪ ಬರ್ರಿ ಇಲ್ಲೆ. ಗೆರಿ ಬಿದ್ದಾವ ನೋಡ್ರಿ.”

ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ, ಕೈಗೆ ಸಿಗುತ್ತಿತ್ತು. ಇಣಿಯ ಮೇಲೂ ಕೋಡಿನುದ್ದಕ್ಕೂ ಒತ್ತೊತ್ತಾಗಿ ಸಣ್ಣ ಸಣ್ಣ ಏರಿಳಿತ. ಬಿಟ್ಟು ಸಡಿಲಾಗಿರಬೇಕು ಎಂದು ಅವನು ಬಿಚ್ಚಿ ಬಿಗಿ ಮಾಡಿದ. ಬೆಲ್ಟು ನೋಡಿದ, ಹಳಿಗಳಿಗೆ ಎಣ್ಣೆ ಬಿಟ್ಟ, ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ಲಿನ ಬೇರಿಂಗಿಗೆ ಕಿವಿಯಿಟ್ಟ. ಮತ್ತೆ ಕೆತ್ತಿದ, ಮತ್ತೆ ಅದೇ ಗೆರೆ. ಕೊನೆಗೆ ಅದೇ ಹಲಗೆಯ ಬಾಜೂ ಒಂದು ಸಿದ್ಧ ಲಕ್ಷ್ಮಿಯ ಮುಖ ಕೆತ್ತಿದ. ಅದು ಬೆಣ್ಣೆಯಷ್ಟು ನುಣ್ಣಗೆ ಬಂತು.

“ಮಷೀನ್ ಖರೇನ ಚಲೋ ಐತ್ರಿ. ಫೈಲಿನ್ಯಾಗ ಏನೋ ಐತಿ,” ಎಂದ.

ಫೈಲನ್ನು ದೊಡ್ಡದು ಮಾಡಿ ನೋಡಿದೆ. ಬೂದು ಛಾಯೆ ಸಮವಾಗಿರಲಿಲ್ಲ, ತಿಳಿ-ಗಾಢ, ತಿಳಿ-ಗಾಢ ಎಂದು ಅಲೆಯಲೆಯಾಗಿತ್ತು. ಪೆನ್ನಿನ ದೋಷ ಎಂದುಕೊಂಡು ಅದನ್ನು ಹಲಗೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದೆ. ಪೆನ್ನು ಹತ್ತಿರ ಬಂದರೆ ಸಾಕು, ಪರದೆಯ ಮೇಲೆ ಅದರ ಗುರುತು ಕಾಣುತ್ತದೆ. ಆ ಗುರುತು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಡುಗುತ್ತಿತ್ತು. ನನ್ನ ಕೈ ನೋಡಿದೆ, ಏನೂ ಕಾಣಲಿಲ್ಲ. ಪರದೆ ನೋಡಿದೆ, ನಡುಗುತ್ತಿತ್ತು. ಪೆನ್ನು ಕೆಳಗಿಟ್ಟು ಎಡಗೈಯಿಂದ ಹಿಡಿದೆ. ಗುರುತು ನಿಂತಿತು.

ಮೌಸು ಭಾರದ ವಸ್ತು, ಮೇಜಿನ ಮೇಲೆ ಕೂತಿರುತ್ತದೆ, ಅದರ ಮೇಲೆ ಕೈ ಊರಿದರೆ ನಡುಕವಿದ್ದರೂ ಒಳಗೇ ಇಂಗುತ್ತದೆ. ಎಷ್ಟು ವರ್ಷದಿಂದ ಅದು ನನ್ನಿಂದಲೇ ನನ್ನ ಗುಟ್ಟು ಮುಚ್ಚಿಟ್ಟಿತ್ತೋ ಏನೋ.

ನನ್ನ ಅಪ್ಪ ಮೂಡಲಗಿಯಲ್ಲಿ ಟೇಲರ್ ಆಗಿದ್ದ. ಈಗ ನನಗಿರುವ ವಯಸ್ಸಿನ ಆಸುಪಾಸಿನಲ್ಲಿಯೇ ಅವನ ಕೈ ನಡುಗಲು ಶುರುವಾದದ್ದು. ಓಣಿಯಲ್ಲಿ ಒಬ್ಬ ಮುದುಕನಿಗೆ ಕಂಪವಾತವಿತ್ತು. ಅವನ ಕೈ, ತಲೆ, ಆಮೇಲೆ ಮಾತು ಎಲ್ಲ ಹೋಗಿ ಹಾಸಿಗೆ ಹಿಡಿದದ್ದನ್ನು ಊರೇ ನೋಡಿತ್ತು. ಅಪ್ಪನ ಕೈ ನೋಡಿದವರೆಲ್ಲ ಅದೇ ರೋಗದ ಹೆಸರು ಹೇಳಿದರು. ಒಂದು ಮದುವೆಯ ಕೋಟಿನ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ ದಿನ ಅಪ್ಪ ಕತ್ತರಿಯನ್ನು ಎತ್ತಿಟ್ಟ. ಆಮೇಲೆ ಕಟ್ಟೆಯ ಮೇಲೆ ಕೂತೇ ಇದ್ದ. ನಾಲ್ಕು ಜನರೆದುರು ಚಹಾ ಕುಡಿಯುತ್ತಿರಲಿಲ್ಲ. ಇವತ್ತು ನಾಲಿಗೆ ಹೋಗುತ್ತದೆ, ನಾಳೆ ಕಾಲು ಹೋಗುತ್ತದೆ ಎಂದು ಕಾಯುತ್ತಲೇ ಇದ್ದು, ಕೊನೆಗೆ ಎದೆನೋವು ಬಂದು ತೀರಿಹೋದ.

ಇದೆಲ್ಲ ನನ್ನ ತಲೆಯಲ್ಲಿ ಒಂದೇ ಸಲ ನುಗ್ಗಿತು. ಕಲ್ಲೋಳಿಯವನು ಬಾಗಿಲಲ್ಲಿ ನಿಂತು “ಏನಾತ್ರಿ ಅಣ್ಣಾರ?” ಎಂದು ಕೇಳಿದ.

“ಪೆನ್ನಿನ ನಿಬ್ಬ ಸವದೈತಿ,” ಎಂದೆ.

ಅಲ್ಲಿಂದ ಮುಂದೆ ನನ್ನ ಬುದ್ಧಿಯೆಲ್ಲ ಅಡಗಿಸಿಡುವ ಕೆಲಸಕ್ಕೇ ಹೋಯಿತು. ಬರೆಯುವ ಸಾಫ್ಟ್‌ವೇರಿನಲ್ಲಿ ಗೆರೆಯನ್ನು ನೇರ್ಪಡಿಸುವ ಒಂದು ಸೌಲಭ್ಯ ಇರುತ್ತದೆ. ಅದನ್ನು ಏರಿಸಿದರೆ ಗೆರೆ ಪೆನ್ನಿಗಿಂತ ಹಿಂದೆ ಉಳಿದು, ಹಗ್ಗ ಕಟ್ಟಿದ ಕರುವಿನ ಹಾಗೆ ನಿಧಾನಕ್ಕೆ ಎಳೆದುಕೊಂಡು ಬರುತ್ತದೆ, ಅಲುಗಾಟ ಕಳೆಯುತ್ತದೆ. ಪೂರ್ತಿ ಏರಿಸಿದೆ. ಕೋಡಿನ ಅಂಚು ಸರಿಯಾಯಿತು. ಆದರೆ ಎತ್ತರದ ಅಲೆ ಹೋಗಲಿಲ್ಲ, ಯಾಕೆಂದರೆ ಅದು ನೇರ್ಪಡಿಸುವುದು ಕೈ ಹೋದ ದಾರಿಯನ್ನು, ಕೈ ಒತ್ತಿದ ಭಾರವನ್ನಲ್ಲ. ಛಾಯೆಯನ್ನು ಮಬ್ಬು ಮಾಡಿ ಅಲೆ ಅಳಿಸಲು ನೋಡಿದೆ. ಅಲೆಯ ಜೊತೆ ಎತ್ತಿನ ಪಕ್ಕೆಲುಬು, ಕೊರಳ ಕೆಳಗಿನ ಜೋಲುಚರ್ಮ, ಕಣ್ಣಿನ ಗುಳಿ ಎಲ್ಲ ಅಳಿಸಿಹೋಗಿ ಎತ್ತು ಸೋಪಿನಿಂದ ಮಾಡಿದಂತಾಯಿತು.

ದಿನವೂ ಅಂಗಡಿ ತೆರೆದ ಕೂಡಲೇ, ಯಾರೂ ಬರುವ ಮೊದಲು, ಟ್ಯಾಬ್ಲೆಟ್ಟಿನ ಮೇಲೆ ಒಂದು ಸುರುಳಿ ಬರೆಯುತ್ತಿದ್ದೆ, ನಡುವಿನಿಂದ ಹೊರಕ್ಕೆ. ನೆಟ್ಟಿನಲ್ಲಿ ಎಲ್ಲೋ ಓದಿದ್ದೆ, ಡಾಕ್ಟರರು ಹೀಗೇ ಪರೀಕ್ಷಿಸುತ್ತಾರಂತೆ. ನಿನ್ನೆಯದರ ಮೇಲೆ ಇವತ್ತಿನದನ್ನು ಇಟ್ಟು ನೋಡುವುದು, ಹೆಚ್ಚಾಗಿದೆ ಅನ್ನಿಸಿ ಬೆವರುವುದು, ಅಳಿಸುವುದು. ಹೆದರಿಕೆಯಿಂದ ಕೈ ಇನ್ನಷ್ಟು ನಡುಗುತ್ತಿತ್ತು, ಅದನ್ನು ನೋಡಿ ಇನ್ನಷ್ಟು ಹೆದರುತ್ತಿದ್ದೆ. ಮನೆಯಲ್ಲಿ ಕಪ್ಪು-ಬಸಿ ಬಿಟ್ಟು ಸ್ಟೀಲಿನ ಲೋಟದಲ್ಲಿ ಚಹಾ ಕೇಳತೊಡಗಿದೆ. ಹೆಂಡತಿ ಯಾಕೆಂದು ಕೇಳಿದಳು. “ಲೋಟದಾಗ ಕುಡದ್ರ ಏನ್ ಪೊಲೀಸರ ಹಿಡಿತಾರೇನ?” ಎಂದು ರೇಗಿದೆ. ಅವಳು ಲೋಟ ತಂದಿಟ್ಟಳು. ನನ್ನ ಕೈಯನ್ನು ನೋಡಿದಳೋ ಇಲ್ಲವೋ ಎಂಬ ಚಿಂತೆ ಬೇರೆ ಶುರುವಾಯಿತು.

ನನ್ನ ಭಯ ರೋಗದ್ದೊಂದೇ ಆಗಿರಲಿಲ್ಲ. ಈ ಕೈ ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಅಂಗಡಿಯವರಿಗೆ ಗೊತ್ತಾದರೆ ಮೊದಲು ಮರುಕ, ಆಮೇಲೆ ಸಣ್ಣ ಪುಟ್ಟ ಕೆಲಸ, ಆಮೇಲೆ ಕಟ್ಟೆ. ಅಪ್ಪ ಕೂತ ಕಟ್ಟೆ ನನಗಾಗಿ ಖಾಲಿಯಿದೆ ಎಂದೇ ಅನ್ನಿಸುತ್ತಿತ್ತು.

ಸೋಪಿನ ಎತ್ತುಗಳನ್ನೇ ಪರದೆಯ ಮೇಲೆ ಸಾವ್ಕಾರರಿಗೆ ತೋರಿಸಿ, ನಿಬ್ಬು ಬದಲಿಸಿದ್ದೇನೆ, ಮತ್ತೆ ಎಂಡಿಎಫ್ ಮೇಲೆ ಕೆತ್ತಿ ನೋಡುವುದು ಬೇಡ ಎಂದೆ. ಅವರು ಕನ್ನಡಕ ಏರಿಸಿ “ಸ್ವಲ್ಪ ದಪ್ಪ ಆಗ್ಯಾವು. ನಡಿತೈತಿ,” ಎಂದರು. ಮೇವು ಚೆನ್ನಾಗಿ ಹಾಕಿದ್ದಾರೆ ಎಂದು ಅಕ್ಕ ತಿಳಿದುಕೊಳ್ಳಲಿ ಎಂದು ನಾನೂ ಸುಮ್ಮನಾದೆ. ಕೋಡಿನ ಮೇಲೆ ಅಲೆಯ ಗುರುತು ಇನ್ನೂ ಅಲ್ಲಲ್ಲಿ ಉಳಿದಿತ್ತು. ಸಾಗವಾನಿಯಲ್ಲಿ ಕಾಣಲಿಕ್ಕಿಲ್ಲ, ಮರಳು ಕಾಗದ ಹೊಡೆದರೆ ಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಅಕ್ಕ ಹಲಗೆಗಳನ್ನು ತಂದರು. ಗಾಡಿಯಿಂದ ಇಳಿಸುವಾಗಲೇ ನೋಡಿದೆ. ಹಲಗೆಗೆ ಅರಿಶಿನ, ಕುಂಕುಮ, ವಿಭೂತಿ. ಮೇಲೊಂದು ಹೂವಿನ ಸರ. ತಲೆಬಾಗಿಲ ಕಟ್ಟಿಗೆಗೆ ಹೊಸ ಮನೆಯ ಮುಂದೆ ಪೂಜೆ ಮಾಡಿಸಿಯೇ ಕೆತ್ತನೆಗೆ ತರುವ ಪದ್ಧತಿ ನಮ್ಮ ಕಡೆಯ ಕೆಲವು ಮನೆಗಳಲ್ಲಿದೆ. ಪೂಜೆಯಾದ ಮೇಲೆ ಅದು ಕಟ್ಟಿಗೆಯಲ್ಲ, ಬಾಗಿಲೇ. ಕೆಟ್ಟಿತೆಂದು ಬೇರೆ ತರುವಂತಿಲ್ಲ. ಕೆಟ್ಟರೆ ಮನೆಗೇ ಅಪಶಕುನ ಎಂದು ಹಿರಿಯರು ಮುಖ ಇಳಿಬಿಡುತ್ತಾರೆ.

“ನಮ್ಮ ಹೊಲದ ಬದುವಿನ ಗಿಡಾರೀ ಇದು,” ಎಂದರು ಅಕ್ಕ. “ಇದರ ನೆರಳಾಗನ ಎತ್ತ ಕಟ್ಟತಿದ್ದೆ. ಮಷೀನ್ ಚಾಲೂ ಮಾಡೂದ ನೋಡಿ ಹೊಕ್ಕೇನಿ.”

ಕಲ್ಲೋಳಿಯವನು ಹಲಗೆಯನ್ನು ಮಷೀನಿನ ಮೇಲೆ ಮಲಗಿಸಿ ನಾಲ್ಕೂ ಕಡೆ ಬಿಗಿದ. ಕೆತ್ತನೆಯ ಅಳತೆ ಶುರುವಾಗುವ ಸೊನ್ನೆಯ ಗುರುತನ್ನು ಮೂಲೆಯಲ್ಲಿ ಹಿಡಿದ. ಫೈಲು ಹಾಕಿದ. ಸಾವ್ಕಾರರು ಊದಿನಕಡ್ಡಿ ಹಚ್ಚಿದರು. ಸ್ಪಿಂಡಲ್ಲು ತಿರುಗತೊಡಗಿತು, ಇನ್ನೂ ಮೇಲಿತ್ತು, ಇಳಿದಿರಲಿಲ್ಲ. ಅಕ್ಕ ಕೈಮುಗಿದು ನಿಂತಿದ್ದರು. ಆ ಗಳಿಗೆಯಲ್ಲಿ ನನಗೆ ಅಪ್ಪ ಆ ಕೋಟಿನ ಬಟ್ಟೆಯ ಮೇಲೆ ಕತ್ತರಿ ಇಡುವ ಮುಂಚೆ ಏನನ್ನಿಸಿತ್ತು ಎಂಬುದು ಸ್ಪಷ್ಟವಾಗಿ ತಿಳಿಯಿತು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕತ್ತರಿಸಿದ.

“ಬಂದ್ ಮಾಡು,” ಎಂದೆ. ಕಲ್ಲೋಳಿಯವನಿಗೆ ಕೇಳಿಸಲಿಲ್ಲ. ನಾನೇ ಹೋಗಿ ಕೆಂಪು ಗುಂಡಿ ಒತ್ತಿದೆ.

ಸ್ಪಿಂಡಲ್ಲು ಸುಯ್ಯೆಂದು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು.

“ಫೈಲ್ ಸರಿ ಇಲ್ರಿ ಸಾವ್ಕಾರ್ರ. ತಪ್ಪ ಮಷೀನಿಂದ ಅಲ್ಲ, ಪೆನ್ನಿಂದೂ ಅಲ್ಲ. ನನ್ನ ಕೈ ನಡಗಾಕತ್ತೈತಿ. ನಮ್ಮಪ್ಪಗೂ ಹಿಂಗ ಇತ್ತು.”

ಸಾವ್ಕಾರರ ಕೈಯಲ್ಲಿ ಊದಿನಕಡ್ಡಿ ಉರಿಯುತ್ತಲೇ ಇತ್ತು. “ಇಷ್ಟ ದಿನ ಬಾಯಿ ಮುಚ್ಕೊಂಡ ಕುಂತಿದ್ರೇನ್ರಿ ಮಾಸ್ತರ? ಪೂಜಿ ಆದ ಕಟ್ಟಿಗಿ ಅದು! ಬಿಟ್ಟ ಇಳದಿದ್ರ ನಾ ಇವರಿಗೆ ಏನ್ ಹೇಳ್ತಿದ್ದೆ?” ಎಂದು ಕೂಗಾಡಿದರು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿ ಸಿದ್ಧ ಫೈಲಿನ ಲಕ್ಷ್ಮಿ ಹಾಕಿಕೊಡುತ್ತೇನೆ, ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಹೇಳತೊಡಗಿದರು.

ಅಕ್ಕ ಅವರ ಮಾತಿಗೆ ತಲೆ ಕೊಡಲಿಲ್ಲ. ನನ್ನನ್ನು ನೋಡಿ, “ತಮ್ಮಾ, ಒಂದ ಮಾತ ಹೇಳು. ನಡಗೋ ಕೈಲೆ ಎತ್ತ ಬರ್ಯಾಕ ಬರ್ತೈತೋ ಇಲ್ಲೋ?” ಎಂದರು.

“ಗೊತ್ತಿಲ್ರಿ ಅಕ್ಕಾರ.”

“ಹಂಗಾರ ಗೊತ್ತ ಮಾಡ್ಕೊಂಡ ಹೇಳು. ಹಲಗಿ ಇಲ್ಲೇ ಇರ್ಲಿ. ಗುರುಪ್ರವೇಶಕ್ಕ ಇನ್ನೂ ವ್ಯಾಳೆ ಐತಿ.” ಅಷ್ಟು ಹೇಳಿ ಗಾಡಿ ಹತ್ತಿ ಹೋದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೇಳಿಬಿಟ್ಟ ಮೇಲೆ ಹೆದರಿಕೆ ಹೋಗಲಿಲ್ಲ, ಆದರೆ ಅಡಗಿಸುವ ಕೆಲಸ ತಪ್ಪಿತು. ಆ ಬುದ್ಧಿಯನ್ನು ಎತ್ತಿನ ಕಡೆ ತಿರುಗಿಸಿದೆ. ನಡುಕ ಕೆತ್ತನೆಗೆ ಇಳಿಯುತ್ತಿದ್ದುದು ಎರಡು ದಾರಿಯಿಂದ: ಕೈ ಹೋಗುವ ದಾರಿ, ಕೈ ಒತ್ತುವ ಭಾರ. ಎರಡನ್ನೂ ಒಂದೇ ಸಲ ಪೆನ್ನಿಗೆ ಯಾಕೆ ಒಪ್ಪಿಸಬೇಕು? ಖಾನೆಯಿಂದ ಮೌಸನ್ನು ಹೊರತೆಗೆದೆ. ಕೋಡಿನ ಉದ್ದ ಬಾಗನ್ನು ಮೌಸಿನಿಂದ ಬಿಂದು ಬಿಂದು ಇಟ್ಟು, ಬಿಂದುಗಳ ನಡುವಿನ ಗೆರೆಯನ್ನು ಕಂಪ್ಯೂಟರಿಗೇ ಬಾಗಿಸಲು ಬಿಟ್ಟೆ. ಮೈಗೆ ಮಾತ್ರ ಪೆನ್ನು. ಆದರೆ ಒತ್ತಿದಷ್ಟು ಎತ್ತರ ಎಂಬ ಆ ದೊಡ್ಡ ಸೌಲಭ್ಯವನ್ನೇ ಆಫ್ ಮಾಡಿದೆ. ಪೆನ್ನು ಬಳಿಯುವ ಬಿಳುಪನ್ನು ಕಂಡೂ ಕಾಣದಷ್ಟು ತೆಳುವಿಗೆ ಕಟ್ಟಿಹಾಕಿದೆ. ಈಗ ಹಗುರಾಗಿ ಒತ್ತಿದರೂ ಅಷ್ಟೇ, ಜೋರಾಗಿ ಒತ್ತಿದರೂ ಅಷ್ಟೇ. ಗೋಡೆಗೆ ಸುಣ್ಣ ಬಳಿಯುವ ಹಾಗೆ ಒಂದು ಪದರದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಂದು ಪದರದ ಅಲುಗಾಟವನ್ನು ಮುಂದಿನ ಪದರ ನುಂಗುತ್ತಿತ್ತು. ಮೊಳಕೈ ಕೆಳಗೆ ಮನೆಯಿಂದ ತಂದ ದಿಂಬು ಇಟ್ಟು, ಮಣಿಕಟ್ಟಿನಿಂದ ಬರೆಯುವುದನ್ನು ಬಿಟ್ಟು ಭುಜದಿಂದ ಬರೆದೆ. ಇಣಿ ಒಂದು ದಿನದಲ್ಲಿ ಏಳಲಿಲ್ಲ. ಮಣ್ಣಿನ ಕಣಜ ಒಣಗಿದಷ್ಟು ನಿಧಾನಕ್ಕೆ ಎದ್ದಿತು.

ಆ ನಡುವೆ ಸಾವ್ಕಾರರೇ ನನ್ನನ್ನು ಡಾಕ್ಟರರ ಹತ್ತಿರ ಕರೆದೊಯ್ದರು. ಬೆಳಗಾವಿಯಿಂದ ವಾರಕ್ಕೊಮ್ಮೆ ಗೋಕಾಕಕ್ಕೆ ಬರುವ ನರದ ಡಾಕ್ಟರು ಅವರು. ದಾರಿಯುದ್ದಕ್ಕೂ ಸಾವ್ಕಾರರು ಮುಖ ಗಂಟಿಕ್ಕಿಕೊಂಡೇ ಗಾಡಿ ಹೊಡೆದರು. ಡಾಕ್ಟರು ನನ್ನ ಕೈಗಳನ್ನು ಮುಂದೆ ಚಾಚಿಸಿದರು, ತೊಡೆಯ ಮೇಲೆ ಸುಮ್ಮನೆ ಇಡಿಸಿದರು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಸಿದರು, ನಡೆಸಿದರು. ಕಾಗದದ ಮೇಲೆ ಸುರುಳಿ ಬರೆಸಿದರು. ಅದರಲ್ಲಿ ಮಾತ್ರ ನನಗೆ ಬೇಕಾದಷ್ಟು ಅಭ್ಯಾಸವಾಗಿತ್ತು.

“ಕೈ ಸುಮ್ನ ಇಟ್ಟಾಗ ನಡುಗೂದಿಲ್ಲ, ಏನರ ಹಿಡದಾಗ ನಡಗತೈತಿ,” ಎಂದರು. “ನೀವು ಹೆದರಿದ್ದು ಸುಮ್ನ ಕುಂತಾಗ ನಡುಗೋ ರೋಗಕ್ಕ. ಇದು ಬ್ಯಾರೆ. ಇದು ಮನೆತನದಾಗ ಬರ್ತೈತಿ, ಮೆಲ್ಲಕ ಹೆಚ್ಚಾಗಬಹುದು, ಆದ್ರ ಮನಷ್ಯಾನ ಹಾಸಗಿ ಹಿಡಸೂದಿಲ್ಲ. ನಿಮ್ಮ ತಂದೀದು ಹೆಂಗಿತ್ತು? ಸುಮ್ನ ಇದ್ದಾಗ ನಡಗತಿತ್ತೋ, ಏನರ ಹಿಡದಾಗೋ?”

ನನಗೆ ನೆನಪಾಗಲಿಲ್ಲ. ಅಪ್ಪನ ಕೈಯನ್ನು ನೋಡಬಾರದೆಂದೇ ಬೆಳೆದವನು ನಾನು. ರಕ್ತ ಪರೀಕ್ಷೆ ಬರೆದು, ಒಂದು ಗುಳಿಗೆ ಕೊಟ್ಟು, ಚಹಾ ಕಡಿಮೆ ಮಾಡಲು ಹೇಳಿ, ಕೆಲವು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದರು.

ಮೂಡಲಗಿಗೆ ಹೋದೆ. ಅವ್ವ ಅಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಮುಷ್ಟಿ ತೆಗೆದುಕೊಂಡೆ. ಸುಲಿಯುತ್ತ ಕೇಳಿದೆ.

“ಅವ್ವಾ, ಅಪ್ಪನ ಕೈ ಸುಮ್ನ ಕುಂತಾಗ ನಡಗತಿತ್ತೇನ?”

ಅವಳು ಯೋಚಿಸಲಿಲ್ಲ. “ಇಲ್ಲಪಾ. ತೊಡಿ ಮ್ಯಾಲ ಇಟ್ಟಾಗ ಸುಮ್ನ ಇರ್ತಿತ್ತು. ಸೂಜಿ ಹಿಡದ್ರ, ವಾಟಿ ಎತ್ತಿದ್ರ, ಅಷ್ಟ. ನಿದ್ದ್ಯಾಗ ನಾ ಎಷ್ಟೋ ಸಲ ಕೈ ಹಿಡಕೊಂಡ ನೋಡೇನಿ. ಕಲ್ಲಿನಂಗ ಇರ್ತಿತ್ತು.”

ಡಾಕ್ಟರು ಹೇಳಿದ್ದನ್ನು ಹೇಳಿದೆ. ಡಾಕ್ಟರು ಕೈ ಹಿಡಿದು ನೋಡದವರ ಬಗ್ಗೆ ಖಚಿತವಾಗಿ ಯಾರೂ ಹೇಳುವಂತಿಲ್ಲ ಎಂದೂ ಸೇರಿಸಿದೆ. ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

“ಅಂದ್ರ ಅದು ಆ ರ್‍ವಾಗ ಅಲ್ಲೇನ?”

“ಅಲ್ಲ ಅಂತ ಕಾಣ್ತೈತಿ.”

“ಮತ್ತ ಅವರು ಅಷ್ಟ ವರ್ಸ ಕಟ್ಟಿ ಮ್ಯಾಲ ಕುಂತಿದ್ದು ಯಾತಕ್ಕ?” ಎಂದಳು. ನನ್ನನ್ನು ಕೇಳಿದ್ದೋ, ಅಪ್ಪನನ್ನು ಕೇಳಿದ್ದೋ ತಿಳಿಯಲಿಲ್ಲ. ನನ್ನ ರೋಗ ಅಷ್ಟು ಕೆಟ್ಟದ್ದಲ್ಲ ಎಂಬ ಸಮಾಧಾನಕ್ಕೆ ಬಂದವನು, ಅದಕ್ಕಿಂತ ದೊಡ್ಡ ಸಂಕಟ ಹೊತ್ತುಕೊಂಡು ಗೋಕಾಕದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪನ ಮೇಲೆ ಸಿಟ್ಟು ಬಂತು, ಓಣಿಯವರ ಮೇಲೆ ಬಂತು, ಕೊನೆಗೆ ಒಂದು ದಿನವೂ ಅವನ ಕೈ ಹಿಡಿದು ನೋಡದ ನನ್ನ ಮೇಲೂ ಬಂತು.

ಎಂಡಿಎಫ್ ಮೇಲೆ ಹೊಸ ಎತ್ತು ಕೆತ್ತಿದಾಗ ಕಲ್ಲೋಳಿಯವನು ಕಣ್ಣುಮುಚ್ಚಿ ಅಂಗೈ ಆಡಿಸಿದ. “ಇಲ್ರೀ. ಏನೂ ಸಿಗವಲ್ತು,” ಎಂದ. ಸಾವ್ಕಾರರೂ ಸವರಿದರು. ಆದರೂ ಸಾಗವಾನಿಯ ಮೇಲೆ ಬಿಟ್ಟು ಇಳಿದಾಗ ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಅವುಗಳ ಸದ್ದಿನಲ್ಲೂ ಒಳಗಿನ ಸ್ಪಿಂಡಲ್ಲಿನ ದನಿಯೇ ಕೇಳುತ್ತಿತ್ತು. ಮರದಲ್ಲಿ ಎಲ್ಲಾದರೂ ಗಂಟು ಸಿಕ್ಕಿದರೆ, ಚೂರು ಎದ್ದರೆ, ಪದರಗಳಲ್ಲಿ ಎಲ್ಲೋ ನಾನು ನೋಡದ ಅಲೆ ಉಳಿದಿದ್ದರೆ. ಎರಡನೆಯ ದಿನ ಮಧ್ಯಾಹ್ನ ಸದ್ದು ನಿಂತಿತು. ಒಳಗೆ ಹೋದಾಗ ಅಕ್ಕ ಆಗಲೇ ಬಂದು ಬಾಗಿಲ ಮೇಲೆ ಬಗ್ಗಿದ್ದರು. ಬಲಗಡೆಯ ಎತ್ತಿನ ಹಣೆಯ ಮೇಲೆ ಕೈಯಿಟ್ಟು, ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಅನ್ನುತ್ತಿದ್ದರು. ನಾನು ಹತ್ತಿರ ಹೋಗಲಿಲ್ಲ. ಗುರುಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದರು. ಹೋಗಿ ಹೋಳಿಗೆ ಉಂಡು ಬಂದೆವು.

ಕೆಲವು ತಿಂಗಳ ನಂತರ ಡಾಕ್ಟರು ಮತ್ತೆ ಸುರುಳಿ ಬರೆಸಿದರು. ಹಳೆಯದರ ಪಕ್ಕದಲ್ಲಿ ಹೊಸದನ್ನು ಇಟ್ಟು ಬಹಳ ಹೊತ್ತು ನೋಡಿದರು. “ಸ್ವಲ್ಪ ಹೆಚ್ಚಾಗೈತಿ,” ಎಂದರು. ಮುಂದೆ ಎಷ್ಟು, ಯಾವಾಗ ಎಂದು ಕೇಳಿದೆ. ಅದನ್ನು ತಾವು ಹೇಳಲಾಗದು ಎಂದರು.

ಅಂಗಡಿಗೆ ಬಂದು ಸಾವ್ಕಾರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಈಗ ಅದು ರೂಢಿಯಾಗಿತ್ತು. ಅವರು ಬಾಯಿಂದ ಹಲ್ಲುಕಡ್ಡಿ ತೆಗೆದರು. “ಹಂಗಾರ ಕಲ್ಲೋಳಿಯವಗೂ ಪೆನ್ನ ಹಿಡಿಯೂದ ಕಲಸ್ರಿ ಮಾಸ್ತರ. ನಿಮಗ ಆಗದ ದಿನ ಅವಾ ಇರ್ತಾನ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆ ಮಾತು ನನ್ನ ಎದೆಗೆ ಬಿತ್ತು. ನಿಮಗಾಗದ ದಿನ. ನನ್ನ ಕುರ್ಚಿಗೆ ನಾನೇ ಇನ್ನೊಬ್ಬನನ್ನು ಕರೆದು ಕೂರಿಸಬೇಕಿತ್ತು. ಕೆಲವು ದಿನ ನೆವ ಹೇಳಿ ಮುಂದೂಡಿದೆ. ಆಮೇಲೆ ಒಂದು ಮಧ್ಯಾಹ್ನ ಮಷೀನು ಖಾಲಿಯಿದ್ದಾಗ ನಾನೇ ಅವನನ್ನು ಕರೆದೆ.

ಕೈ ಒರೆಸಿಕೊಂಡು ಬಂದು ನನ್ನ ಕುರ್ಚಿಯ ಅಂಚಿನಲ್ಲಿ ಕೂತ. ಅಷ್ಟು ದೊಡ್ಡ ಮಷೀನನ್ನು ಆಟಿಕೆಯಂತೆ ಆಡಿಸುವವನು ಆ ಪೆನ್ನನ್ನು ಚೇಳು ಹಿಡಿದಂತೆ ಹಿಡಿದ. ದಿಂಬನ್ನು ಅವನ ಮೊಳಕೈ ಕೆಳಗೆ ಸರಿಸಿದೆ. ಪರದೆಯನ್ನು ನೋಡು, ಕೈ ನೋಡಬೇಡ ಎಂದೆ. ತುದಿ ಹಲಗೆಯ ಹತ್ತಿರ ಬಂತು, ಪರದೆಯ ಮೇಲೆ ಗುರುತು ಮೂಡಿತು. ಬಿಗಿದು ಹಿಡಿದಿದ್ದಕ್ಕೋ ಏನೋ, ಅದು ಕುಣಿಯುತ್ತಿತ್ತು.

ಅವನ ಮುಖ ಬಿಳುಪಾಯಿತು. ಪೆನ್ನನ್ನು ಥಟ್ಟನೆ ಮೇಲೆತ್ತಿ ನನ್ನ ಕಡೆ ನೋಡಿದ. “ಅಣ್ಣಾರ, ನನ್ನ ಕೈನೂ ನಡಗಾಕತ್ತೈತ್ರಿ.”

ಹೆದರಿದವನ ಕಣ್ಣು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ನಾನು ನೋಡಿದ್ದು ಅದೇ ಮೊದಲು. ಅವನ ಕೈಯನ್ನು ಹಿಡಿದು ಮತ್ತೆ ಹಲಗೆಯ ಮೇಲೆ ಇಟ್ಟೆ. ನನ್ನದೂ ನಡುಗುತ್ತಿತ್ತು, ಅವನದೂ ನಡುಗುತ್ತಿತ್ತು.

“ನಡಗ್ಲಿ ಬಿಡು,” ಎಂದೆ. “ನಡಗ್ಕೋತನ ಬರಿ.”